ಗ್ರಂಥಾಲಯ ಸಂಜೆಯೂ ತೆರೆದಿರಲಿ

ಸಂಪಾದಕರೇ,

ನನಗೀಗ 48. ತೀರ್ಥಹಳ್ಳಿ ಕಡೆ ಒಂದಿಷ್ಟು ಅಡಿಕೆ ತೋಟ ಇದೆ. ಹೋದ ಮಳೆಗಾಲದಲ್ಲಿ ಎರಡು ಸಲ ಬೋರ್ಡೋ ದ್ರಾವಣ ಹೊಡೆಸಿದರೂ ಕೊಳೆರೋಗ ಬಿಡಲಿಲ್ಲ, ಮಗಳು ಓದೋಕೆ ಅಂತ ಬೆಂಗಳೂರಿಗೆ ಹೋದಳು, ಮನೆ ಬಿಕೋ ಅನ್ನತೊಡಗಿತು, ಆಮೇಲೆ ನಿದ್ದೆಯೂ ಹೋಯಿತು. ರಾತ್ರಿ ಮೂರಕ್ಕೆ ಎಚ್ಚರವಾಗಿ, ಹಂಚಿನ ಮೇಲೆ ಬೀಳುವ ಮಳೆ ಕೇಳುತ್ತಾ ಸುಮ್ನೆ ಕೂರುತ್ತಿದ್ದೆ. ನಮ್ಮ ಕಡೆ ಇದನ್ನೆಲ್ಲ ಹೇಳಿದರೆ 'ಒಂದು ಲೋಟ ಕಷಾಯ ಕುಡಿ, ಸರಿಹೋಗ್ತದೆ' ಅಂತಾರೆ. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಶಿವಮೊಗ್ಗಕ್ಕೆ ಹೋಗಿ ವೈದ್ಯರನ್ನೂ ಕಂಡೆ. ಮಾತ್ರೆ ಶುರುವಾಯಿತು.

ಜೊತೆಗೆ ಓದು. ಮೊದಮೊದಲು ಎರಡು ಪುಟ ದಾಟುತ್ತಿರಲಿಲ್ಲ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಈಗ ಪುಸ್ತಕ ಹಿಡಿದರೆ ಆ ಮೂರು ಗಂಟೆಯ ಯೋಚನೆಗಳು ಸ್ವಲ್ಪ ದೂರ ನಿಲ್ಲುತ್ತವೆ. ಮಾತ್ರೆ ಬದಲು ಪುಸ್ತಕ ಅಂತ ಹೇಳುತ್ತಿಲ್ಲ, ನನಗೆ ಎರಡೂ ಬೇಕಾಯಿತು.

ತಕರಾರು ಇಷ್ಟೇ. ಆಸ್ತಿ ತೆರಿಗೆ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಅಲ್ವಾ? ತೋಟದ ಕೆಲಸ ಮುಗಿಸಿ ಹೋಗುವಷ್ಟರಲ್ಲಿ ನಮ್ಮ ಕಡೆಯ ಗ್ರಂಥಾಲಯ ಬಾಗಿಲು ಹಾಕಿರುತ್ತದೆ. ವಾರಕ್ಕೆ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿಡಲಿ. ಹಾಗೇ ಅಲ್ಲಿನ ಗೋಡೆ ಮೇಲೆ 14416 ಅಂತ ದೊಡ್ಡದಾಗಿ ಬರೆಸಲಿ.

– ಒಬ್ಬ ಓದುಗ, ತೀರ್ಥಹಳ್ಳಿ