ಹುಟ್ಟದವರಿಗೆ ತಿಥಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜೀವಿಗಳ ಸಾಮೂಹಿಕ ಅಳಿವಿನ ಕುರಿತ ಲೇಖನ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಲೇಖಕರು ಎರಡು ಸಾವುಗಳಿಗೆ ಒಂದೇ ಪಂಚನಾಮೆ ಬರೆದುಬಿಟ್ಟಿದ್ದಾರೆ. 25 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಅಪ್ಪಳಿಸಿ ಡೈನೋಸಾರ್‌ಗಳು ಅಳಿದವು, ಕಲ್ಲಿನಲ್ಲಿರುವ ಇರಿಡಿಯಂ (ನೆಲದಲ್ಲಿ ಅಪರೂಪವಾದ, ಕ್ಷುದ್ರಗ್ರಹಗಳಲ್ಲಿ ಹೆಚ್ಚಿರುವ ಲೋಹ) ಅದಕ್ಕೆ ಸಾಕ್ಷಿ ಎಂದಿದ್ದಾರೆ. ಇಟಲಿಯ ಗುಬ್ಬಿಯೊದ ತೆಳು ಜೇಡಿಪದರದಲ್ಲಿ ಸಿಕ್ಕ ಇರಿಡಿಯಂ ಬಗ್ಗೆ ಅಮೆರಿಕದ ವಿಜ್ಞಾನಿಗಳಾದ ಆಲ್ವಾರೆಜ್ ತಂದೆ-ಮಗ ಮತ್ತು ಸಂಗಡಿಗರು 1980ರಲ್ಲಿ ಬರೆದರು. ಅದು 6.6 ಕೋಟಿ ವರ್ಷಗಳ ಹಿಂದಿನ ಕಥೆ. 25 ಕೋಟಿ ವರ್ಷಗಳ ಹಿಂದೆ ನಡೆದದ್ದು ಬೇರೆಯೇ ಅಳಿವು, ಆಗ ಡೈನೋಸಾರ್‌ಗಳು ಇನ್ನೂ ಹುಟ್ಟಿಯೇ ಇರಲಿಲ್ಲ. ಹುಟ್ಟದವರಿಗೆ ತಿಥಿ ಮಾಡಿದಂತಾಯಿತು.

ಹಳೆಯ ಅಳಿವಿನ ಗುರುತುಗಳೇ ಬೇರೆ. ಚೀನಾದ ಮೆಯಿಶಾನ್‌ನಲ್ಲಿ ಸುಣ್ಣಕಲ್ಲಿನ ಪದರಗಳ ನಡುವೆ ಎರಡು ಬೆರಳಗಲದ ಬಿಳಿಚು ಜೇಡಿ ಇದೆ. ಜ್ವಾಲಾಮುಖಿಯ ಬೂದಿ ಸಮುದ್ರಕ್ಕೆ ಬಿದ್ದು ಹೀಗೆ ಜೇಡಿಯಾಗಿದೆ. ಅದರಲ್ಲಿ ಬೆರೆತಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನಮಗೆ ಹೊಸತಲ್ಲ. ಮಳೆಗಾಲದಲ್ಲಿ ನವಲಗುಂದ, ರೋಣದ ಎರೆಹೊಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು ಅದೇ ಕುಲದ್ದು. ಆ ಬೂದಿಯೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದೇ 25.2 ಕೋಟಿ ವರ್ಷ ಎಂಬ ಲೆಕ್ಕ ಬಂದಿದೆ. ಆರೋಪಿ ಎಂದು ಬಹುತೇಕರು ಬೆರಳು ತೋರಿಸುವುದು ಆಕಾಶದತ್ತ ಅಲ್ಲ, ಸೈಬೀರಿಯದ ಲಾವಾದತ್ತ.

ಇನ್ನೊಂದು ಸಾಕ್ಷಿ ಪೈರೈಟ್. ಗದಗಿನವರಿಗೆ ಇದರ ಹೆಸರು ಗೊತ್ತಿಲ್ಲದಿರಬಹುದು, ಮುಖ ಗೊತ್ತು. ನಾನು ಮೇಷ್ಟ್ರಾಗಿದ್ದಾಗ ಹುಡುಗನೊಬ್ಬ ಕಪ್ಪತಗುಡ್ಡದ ಬುಡದಿಂದ ಹೊಳೆಯುವ ಕಲ್ಲೊಂದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದು, ‘ಸರ್, ಬಂಗಾರವೇ?’ ಎಂದು ಪಿಸುಗುಟ್ಟಿದ್ದ. ಒಡೆದ ಪಿಂಗಾಣಿ ಬಸಿಯ ಅಡಿಯ ಒರಟು ಅಂಚಿಗೆ ಉಜ್ಜಿಸಿದೆ. ಬಂಗಾರವಾಗಿದ್ದರೆ ಹಳದಿ ಗೆರೆ ಬೀಳುತ್ತಿತ್ತು, ಬಿದ್ದದ್ದು ಹಸಿರುಗಪ್ಪು. ಹುಡುಗನ ಮುಖ ಬಾಡಿತು. ಅದು ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅಳಿವಿನ ಕಾಲದ ಹಲವು ಕಡಲಶಿಲೆಗಳಲ್ಲಿ ಇದೇ ಪೈರೈಟ್ ಬೂಂದಿ ಲಾಡುವಿನಂತೆ ಕಾಳುಕಾಳು ಸೇರಿದ ಉಂಡೆಯಾಗಿದೆ. ಗಾತ್ರ ಮಾತ್ರ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದ ಆಸುಪಾಸು. ಆಮ್ಲಜನಕವಿಲ್ಲದೆ ಗಂಧಕದ ಅನಿಲ ತುಂಬಿದ ನೀರಿನಲ್ಲಿ ಈ ಉಂಡೆಗಳು ನೀರಿನ ನಡುವೆಯೇ ಕಟ್ಟುತ್ತವೆ, ದೊಡ್ಡದಾಗುವ ಮೊದಲೇ ಮುಳುಗುತ್ತವೆ. ಉಸಿರಿರುವ ಕಡಲಿನಲ್ಲಾದರೆ ತಳದ ಕೆಸರಿನೊಳಗೆ ನಿಧಾನವಾಗಿ ಬೆಳೆದು ದಪ್ಪವಾಗುತ್ತವೆ. ಹಾಗಾಗಿ ಸಣ್ಣ ಉಂಡೆಗಳು ಸಾಲುಸಾಲಾಗಿ ಕಂಡವೆಂದರೆ ಅಲ್ಲಿ ಕಡಲಿನ ಉಸಿರು ಕಟ್ಟಿತ್ತೆಂದು ಓದಬೇಕು. ನನಗೆ ಇರಿಡಿಯಂಗಿಂತ ಈ ಸಾಕ್ಷಿಯೇ ಹೆಚ್ಚು ಇಷ್ಟ.

‘ಮಕ್ಕಳೇ, ಕಪ್ಪತಗುಡ್ಡದಲ್ಲೂ ಆ ಪದರ ಹುಡುಕಿ’ ಎಂಬ ಕೊನೆಯ ಸಾಲಂತೂ ಬೇಡವಾಗಿತ್ತು. ಗುಡ್ಡದ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು, ಪ್ರಾಣಿಗಳೇ ಇಲ್ಲದ ಕಾಲದವು. ಮೇಲಾಗಿ 2019ರಿಂದ ಅದು ವನ್ಯಜೀವಿಧಾಮ. ಸುತ್ತಿಗೆ ಹಿಡಿದು ಹೋಗುವ ಜಾಗವಲ್ಲ. 25 ಕೋಟಿ ವರ್ಷಗಳ ಹಿಂದಿನ ಅಳಿವಿನ ಪದರವನ್ನು ನಮ್ಮ ದೇಶದಲ್ಲೇ ನೋಡಬೇಕೆಂದರೆ ಶ್ರೀನಗರದ ಹತ್ತಿರದ ಗುರ್ಯುಲ್ ಕಣಿವೆ ಇದೆ.

ತಿದ್ದುಪಡಿಯನ್ನು ದಯವಿಟ್ಟು ಅದೇ ಪುರವಣಿಯಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಹಾಕಿ. ನಮ್ಮ ಓಣಿಯ ಶಾಲೆಯವರು ಆ ಹಾಳೆಯನ್ನು ಆಗಲೇ ಕತ್ತರಿಸಿ ಫಲಕಕ್ಕೆ ಅಂಟಿಸಿದ್ದಾರೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಗದಗ