ಸಂತೆಪೇಟೆಯಲ್ಲಿ ಸಿಕ್ಕ ಯಜಮಾನರಿಗೆ

ಹೋದ ತಿಂಗಳು ಮೈಸೂರಿನ ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಕೈಯಿಂದ ಮರಗೆಲಸದ ಹನ್ನೆರಡು ಉಳಿಗಳ ಡಬ್ಬಿ ವಾಪಸ್ ಇಡಿಸಿದ ಯಜಮಾನರೇ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಈ ಬರಹ ನಿಮಗೆ.

"ಇಷ್ಟೆಲ್ಲ ಯಾಕೆ ಮಗಾ? ಕಾಲಿಂಚು, ಅರ್ಧ ಇಂಚು, ಒಂದಿಂಚು. ಮೂರು ಸಾಕು. ಮಿಕ್ಕ ದುಡ್ಡಲ್ಲಿ ಒಳ್ಳೆ ಸಾಣೆಕಲ್ಲು ತಗೋ" ಅಂದಿರಿ. ಹಾಗೇ ಮಾಡಿದೆ. ಗರಗಸ, ಕೊಡತಿ, ಮೂಲೆ ನೇರ ಇದೆಯಾ ಅಂತ ನೋಡೋ ಮೂಲೆಮಟ್ಟವನ್ನೂ ನೀವೇ ಆರಿಸಿಕೊಟ್ಟಿರಿ. ಮೂಲೆಮಟ್ಟ ಇಟ್ಟು ಹಲಗೆ ಮೇಲೆ ಗೆರೆ ಎಳೆದು, ಅದನ್ನು ಮಗುಚಿ ಅಲ್ಲೇ ಇನ್ನೊಂದು ಎಳೆದಿರಿ. ಎರಡೂ ಗೆರೆ ಕೂಡಿ, ಮಟ್ಟ ಸರಿಯಿದೆ ಅಂತ ಗೊತ್ತಾದ ಮೇಲೇ ಬಿಲ್ ಹಾಕಿಸಿದ್ದು.

ಆಮೇಲೆ ಅಂಗಡಿ ಮೆಟ್ಟಿಲ ಮೇಲೆ ಕೂತು ಸಾಣೆ ಹಿಡಿಯೋದು ಹೇಳಿಕೊಟ್ಟಿರಲ್ಲ, ಅದನ್ನು ಮರೆಯೋಕಾಗಲ್ಲ. ಹೊಸ ಉಳಿ ಹರಿತವಾಗೇ ಇರುತ್ತೆ ಅಂತ ತಿಳಿದಿದ್ದೆ. ಮೊದಲು ಅದರ ಬೆನ್ನನ್ನು ಕಲ್ಲಿಗೆ ಚಪ್ಪಟೆಯಾಗಿಟ್ಟು, ತುದಿ ಕನ್ನಡಿ ಹಾಗೆ ಹೊಳೆಯೋವರೆಗೂ ಉಜ್ಜಿಸಿದಿರಿ. ಆಮೇಲೆ ಇಳಿಜಾರು ಬದಿ, ಸುಮಾರು 25 ಡಿಗ್ರಿ. ನನ್ನ ಹೆಬ್ಬೆರಳು ಹಿಡಿದು, ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಸವರಿಸಿದಿರಿ. ಉಜ್ಜಿದಾಗ ಆಚೆ ಬದಿಗೆ ಮಡಚಿಕೊಂಡ ಉಕ್ಕಿನ ಕೂದಲೆಳೆಯಷ್ಟು ತರಿ ಕೈಗೆ ಸಿಕ್ಕಿತು. "ಇದು ಅಂಚಿನ ಉದ್ದಕ್ಕೂ ಬರಬೇಕು. ಆಮೇಲೆ ನಯವಾದ ಕಲ್ಲಲ್ಲಿ ತೆಗಿ" ಅಂದಿರಿ.

ಮೊನ್ನೆ ತೇಗದ ತುಂಡಿನ ಅಡ್ಡ ಕೊಯ್ದ ತುದಿಯನ್ನು ಆ ಉಳಿಯಿಂದ, ಕೊಡತಿ ಇಲ್ಲದೆ ಬರೀ ಕೈಯಲ್ಲಿ ಒತ್ತಿ ಹೆರೆದೆ. ಪುಡಿಯಾಗದೆ ತೆಳ್ಳನೆ ಸುರುಳಿ ಬಂತು! ಅಮ್ಮನನ್ನು ಕೂಗಿ ತೋರಿಸಿದೆ.

ಅವತ್ತು ಒಂದು ಕಾಫಿ ಕೂಡ ಕುಡಿಯದೆ ಹೊರಟುಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಯಜಮಾನರೇ. ಆ ಸುರುಳಿ ನಿಮಗೇ ಅಂತ ಎತ್ತಿಟ್ಟಿದ್ದೇನೆ.