ಟೈಟಾನಿಯಂ ಬರಲಿ, ಆದರೆ ಅದಿರಿನ ಕಡೆಯಿಂದ ಬೇಡ

ಮಾನ್ಯ ಸಂಪಾದಕರೇ,

ಭದ್ರಾವತಿಯಲ್ಲಿ ಖಾಲಿ ಬಿದ್ದಿರುವ ಕಾರ್ಖಾನೆ ಜಾಗದಲ್ಲಿ ಟೈಟಾನಿಯಂ ಕಾರ್ಖಾನೆ ಹಾಕಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಅವರ ಕಳಕಳಿ ನನ್ನದೂ ಹೌದು. ಪೇಪರ್ ಮಿಲ್ ನಿಂತು ವರ್ಷಗಳಾದವು. 1923ರಲ್ಲಿ ಕೆಲಸ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಇವತ್ತೋ ನಾಳೆಯೋ ಎನ್ನುವ ಸ್ಥಿತಿಯಲ್ಲಿದೆ. ಊರಿಗೆ ಕೆಲಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಿರಿನಿಂದ ಟೈಟಾನಿಯಂ ತೆಗೆಯುವ ಕಾರ್ಖಾನೆಗೆ ನಾವು ಹಟ ಹಿಡಿಯಬಾರದು. ಆ ಲೋಹದಿಂದ ಬಿಡಿಭಾಗ ಮಾಡುವ ಕೆಲಸವನ್ನು ಕೇಳಬೇಕು.

"ಅದಿರು ಇಲ್ಲೇ ಇದೆಯಲ್ಲ" ಎನ್ನುವವರಿದ್ದಾರೆ. ಇದೆ, ಸುಳ್ಳಲ್ಲ. ಚನ್ನಗಿರಿ ಕಡೆ ಉಬ್ರಾಣಿ, ತಾವರೆಕೆರೆ ಸುತ್ತಮುತ್ತ ಟೈಟಾನಿಯಂ, ವೆನೇಡಿಯಂ ಬೆರೆತ ಕಬ್ಬಿಣದ ಅದಿರು ಇರುವುದು ಭೂಗರ್ಭ ಇಲಾಖೆಯವರಿಗೆ ಹಳೇ ವಿಷಯ. ಆದರೆ ಅದರಲ್ಲಿ ಟೈಟಾನಿಯಂ ಕಬ್ಬಿಣದೊಳಗೆ ಸಣ್ಣ ಸಣ್ಣ ಎಳೆಯಾಗಿ ಹೊಕ್ಕು ಕೂತಿದೆ. ಪುಡಿ ಮಾಡಿ ಸುಲಭವಾಗಿ ಬೇರೆ ಮಾಡಲು ಆಗುವುದಿಲ್ಲ. ದೇಶದಲ್ಲಿ ಟೈಟಾನಿಯಂಗೆ ಬಳಸುವುದು ಇಲ್ಮೆನೈಟ್ ಎಂಬ ಕಪ್ಪು ಮರಳು. ಅದು ಸಿಗುವುದು ಕೇರಳ, ತಮಿಳುನಾಡು, ಒಡಿಶಾದ ಕಡಲ ತೀರದಲ್ಲಿ. ಘಟ್ಟ ಹತ್ತಿಸಿ ಇಲ್ಲಿಗೆ ತರಬೇಕು.

ಇನ್ನು ಖರ್ಚಿನ ಮಾತು. ಕೊಲ್ಲಂ ಜಿಲ್ಲೆಯ ಚವರದಲ್ಲಿ ಕೇರಳ ಸರ್ಕಾರದ ಖನಿಜ, ಲೋಹ ಕಂಪನಿ ಕೆಎಂಎಂಎಲ್ ಇದೆ. ಅಲ್ಲಿ ವರ್ಷಕ್ಕೆ 500 ಟನ್ ಟೈಟಾನಿಯಂ ಸ್ಪಾಂಜ್, ಅಂದರೆ ತೂತುತೂತಾದ ಕಚ್ಚಾ ಲೋಹ, ಮಾಡುವ ಘಟಕ 2011ರಲ್ಲಿ ಶುರುವಾಯಿತು. ತಂತ್ರಜ್ಞಾನ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್‌ನದು, ಹಣ ಇಸ್ರೋದ್ದು. ಆಗಿನ ಬೆಲೆಯಲ್ಲೇ ಸುಮಾರು 140 ಕೋಟಿ. ಲೆಕ್ಕ ಹಾಕಿದರೆ ವಾರ್ಷಿಕ ಸಾಮರ್ಥ್ಯದ ಒಂದೊಂದು ಟನ್ನಿಗೆ 28 ಲಕ್ಷ ರೂಪಾಯಿ ಬರುತ್ತದೆ. ಅದೂ ಅರ್ಧ ಕೆಲಸಕ್ಕೆ ಮಾತ್ರ. ಬಣ್ಣಕ್ಕೆ ಹಾಕುವ ಬಿಳಿ ಪುಡಿಗಾಗಿ ಅವರು ಮೊದಲಿನಿಂದಲೂ ಟೈಟಾನಿಯಂ ಟೆಟ್ರಾಕ್ಲೋರೈಡ್ ಮಾಡುತ್ತಿದ್ದರು. ಸ್ಪಾಂಜಿಗೂ ಬೇಕಾದ್ದು ಅದೇ ದ್ರವ, ಪಕ್ಕದಲ್ಲೇ ತಯಾರಿದ್ದ ಅದನ್ನು ಪೈಪಿನಲ್ಲಿ ತಂದರೆ ಆಯಿತು. ನಮ್ಮಲ್ಲಿ ಆ ಮೊದಲ ಅರ್ಧವನ್ನೂ ಹೊಸದಾಗಿ ಕಟ್ಟಬೇಕು.

ಆ ಮೊದಲ ಅರ್ಧದಲ್ಲೇ ಅಪಾಯ ಜಾಸ್ತಿ. ಅದಿರನ್ನು ಕೋಕ್ ಜೊತೆ 900 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ಕ್ಲೋರಿನ್ ಗ್ಯಾಸ್ ಹಾಯಿಸುತ್ತಾರೆ. ಬರುವ ಟೆಟ್ರಾಕ್ಲೋರೈಡ್ ನೋಡಲು ನೀರಿನ ಹಾಗಿರುತ್ತದೆ. ಒದ್ದೆ ಗಾಳಿ ತಾಗಿದರೆ ಸಾಕು, ದಟ್ಟ ಬಿಳಿ ಹೊಗೆ ಏಳುತ್ತದೆ, ಆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಆಮೇಲೆ ಅದನ್ನು ಯಾವುದರ ಜೊತೆಗೂ ಬೆರೆಯದ ಆರ್ಗಾನ್ ಗ್ಯಾಸ್ ತುಂಬಿದ ಮುಚ್ಚಿದ ಪಾತ್ರೆಯಲ್ಲಿ ಕರಗಿದ ಮೆಗ್ನೀಸಿಯಂ ಮೇಲೆ ಬಿಡಬೇಕು. ಒಂದು ಕಿಲೋ ಟೈಟಾನಿಯಂಗೆ ಪುಸ್ತಕದ ಲೆಕ್ಕದಲ್ಲೇ ಒಂದು ಕಿಲೋ ಮೆಗ್ನೀಸಿಯಂ, ಮೂರು ಕಿಲೋ ಕ್ಲೋರಿನ್ ಬೇಕು. ಇವೆರಡೂ ಉಪ್ಪಾಗಿ ಉಳಿಯುತ್ತವೆ. ವಿದ್ಯುತ್ ಹಾಯಿಸಿ ವಾಪಸ್ ತೆಗೆದರೆ ಮಾತ್ರ ಕಾರ್ಖಾನೆ ಬದುಕುತ್ತದೆ. ಒಂದು ಕಿಲೋ ಮೆಗ್ನೀಸಿಯಂ ವಾಪಸ್ ಪಡೆಯಲು ಸುಮಾರು 10ರಿಂದ 15 ಯೂನಿಟ್ ಕರೆಂಟು ಹೋಗುತ್ತದೆ. ಶರಾವತಿಯ ಕರೆಂಟು ನಮ್ಮ ಜಿಲ್ಲೆಯಲ್ಲೇ ಹುಟ್ಟಿದರೂ ನಮಗೆ ಮೆಸ್ಕಾಂ ಬಿಲ್ ಕಡಿಮೆ ಬರುವುದಿಲ್ಲ, ಅಲ್ವಾ?

ನಮ್ಮ ಮಳೆಗಾಲದ ಒದ್ದೆ ಗಾಳಿಯ ಮಾತು ಬಂದಾಗ, ಕೊಲ್ಲಂನಲ್ಲೂ ಮಳೆ ಇದೆ, ಅವರು ನಿಭಾಯಿಸುತ್ತಿಲ್ಲವೇ ಎಂದು ಕೇಳಬಹುದು. ನಿಭಾಯಿಸಬಹುದು, ಅದಕ್ಕೂ ದುಡ್ಡು ಸುರಿಯಬೇಕು. ಒಂದು ಸೋರಿಕೆಯಾದರೆ ಇಲ್ಲಿ ಹಾಳಾಗುವುದು ಭದ್ರೆಯ ನೀರು ಮತ್ತು ದಡದ ಗದ್ದೆ, ತೋಟ. ಭದ್ರೆಯ ಮೇಲ್ಭಾಗದ ಕುದುರೆಮುಖದ ಕಬ್ಬಿಣದ ಗಣಿ ನಿಲ್ಲಿಸಲು ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು. 2005ರ ಕೊನೆಗೆ ಅದು ನಿಂತಿತು. ಅದೇ ಹೊಳೆಯ ಮೇಲೆ ಇನ್ನೊಂದು ಭಾರ ಹೊರಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ನಾನು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಮೆಷಿನ್ ಶಾಪಿನಲ್ಲಿ ಕೆಲಸ ಮಾಡುವವನು. ಟೈಟಾನಿಯಂ ರಾಡನ್ನು ಲೇತಿಗೆ ಕಟ್ಟಿದಾಗ ಅದರ ಗುಣ ಗೊತ್ತಾಗುತ್ತದೆ. ಸ್ಟೀಲಿನಲ್ಲಿ ಬಿಸಿಯ ಬಹುಪಾಲು ಚೂರಿನ ಜೊತೆ ಹಾರಿ ಹೋಗುತ್ತದೆ. ಇದರಲ್ಲಿ ಬಿಸಿ ಟೂಲಿನ ತುದಿಯಲ್ಲೇ ನಿಲ್ಲುತ್ತದೆ. ಸ್ಪೀಡ್ ಸ್ವಲ್ಪ ಏರಿಸಿದರೂ ಸಾಕು, ಟೂಲಿಗೆ ಕೂರಿಸಿದ ಕತ್ತರಿಸುವ ತುಂಡಿನ (ಇನ್ಸರ್ಟಿನ) ಅಂಚು ಉದುರುತ್ತದೆ. ತಂಪು ಮಾಡುವ ಕೂಲೆಂಟ್ ದ್ರವ ಕಡಿಮೆಯಾದರೆ ಸಣ್ಣ ಚೂರಿಗೆ ಬೆಂಕಿ ಹತ್ತಿ ಬೆಳ್ಳಗೆ ಉರಿಯುತ್ತದೆ, ಅದಕ್ಕೆ ನೀರು ಹಾಕುವಂತಿಲ್ಲ, ಒಣ ಮರಳು ಬೇಕು. ನಿಧಾನವಾಗಿ, ಕಿವಿಗೊಟ್ಟು ಮಾಡುವ ಕೆಲಸ ಅದು. ಅಂಥ ಕೈಗಳು ಶಿವಮೊಗ್ಗ, ಭದ್ರಾವತಿಯಲ್ಲಿವೆ. ಎರಕ, ಫೋರ್ಜಿಂಗ್, ಟರ್ನಿಂಗ್ ಇಲ್ಲಿ ಮನೆಮನೆಯ ಕಸುಬು.

ಲೋಹವನ್ನು ಕರಗಿಸಿ ರಾಡು, ದಿಮ್ಮಿ ಮಾಡಲು ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಮಿಧಾನಿ ಕಾರ್ಖಾನೆ ಇದೆ. ಬಿಡಿಭಾಗ ಕೊಳ್ಳುವ ಎಚ್‌ಎಎಲ್, ಇಸ್ರೋ ಬೆಂಗಳೂರಿನಲ್ಲಿವೆ. ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳಿಗೂ ಬೇಡಿಕೆ ಇದೆ. ನಡುವಿನ ಕೆಲಸ ನಮ್ಮದಾಗಲಿ. ಕಂಪ್ಯೂಟರಿನಿಂದ ನಡೆಯುವ ಒಳ್ಳೆಯ ಸಿಎನ್‌ಸಿ ಮೆಷಿನ್ನಿಗೂ ಕೋಟಿ ಬೇಕು, ಸುಮ್ನೆ ಬರುವುದಿಲ್ಲ. ಆದರೆ ಒಂದೊಂದೇ ಮೆಷಿನ್ ಹಾಕುತ್ತಾ ಬೆಳೆಯಬಹುದು, ಸ್ಪಾಂಜ್ ಕಾರ್ಖಾನೆಯನ್ನು ಹಾಗೆ ಕಂತಿನಲ್ಲಿ ಕಟ್ಟಲು ಬರುವುದಿಲ್ಲ.

ಜಿಲ್ಲೆಯ ಶಾಸಕರು, ಸಂಸದರಲ್ಲಿ ನನ್ನ ವಿನಂತಿ ಇಷ್ಟೇ. ಸಣ್ಣ ಶಾಪಿನವರು ಬಾಡಿಗೆಗೆ ಬಳಸುವಂಥ ಒಂದು ಸಾಮಾನ್ಯ ಟೆಸ್ಟಿಂಗ್ ಲ್ಯಾಬನ್ನು ಮಾಚೇನಹಳ್ಳಿಯಲ್ಲಿ ಮಾಡಿಸಿಕೊಡಿ. ವಿಮಾನದ ಭಾಗಕ್ಕೆ ಸರ್ಟಿಫಿಕೇಟ್ ಇಲ್ಲದೆ ಯಾರೂ ಆರ್ಡರ್ ಕೊಡುವುದಿಲ್ಲ. ಜೊತೆಗೆ ಐಟಿಐಗಳಿಗೆ ಕಲಿಯಲಿಕ್ಕೆ ನಾಲ್ಕು ಟೈಟಾನಿಯಂ ರಾಡು ಕೊಡಿಸಿ. ಈಗ ಅಲ್ಲಿ ಮೈಲ್ಡ್ ಸ್ಟೀಲ್ ಮೇಲೆ ಮಾತ್ರ ಕೈ ಪಳಗುತ್ತಿದೆ.

ಇಂತಿ,
ನಿಮ್ಮ ಓದುಗ
ಭದ್ರಾವತಿ